ತೌಡು ಕೊಟ್ಟು ತಂದ ಕಣ್ಣು

ನಮ್ಮ ಬಳಗದಲ್ಲಿ ಕೂಸಿಗೆ ಹೆಸರಿಡುವ ಮೊದಲೇ ಅದು ಪಾಲಾಗಿಬಿಡುತ್ತದೆ. ನಾಮಕರಣದ ದಿನ ತೊಟ್ಟಿಲ ಒಂದು ಮಗ್ಗುಲಿಗೆ ಅಪ್ಪನ ಕಡೆಯವರು, ಇನ್ನೊಂದು ಮಗ್ಗುಲಿಗೆ ಅಮ್ಮನ ಕಡೆಯವರು ಕೂತು ಮಗುವನ್ನು ನೆತ್ತಿಯಿಂದ ಅಂಗಾಲಿನವರೆಗೆ ಹಂಚಿಕೊಳ್ಳುತ್ತಾರೆ. ಮೂಗು ನೆಟ್ಟಗಿದ್ದರೆ ಅದು ಎರಡೂ ಕಡೆಯವರದು. ಮೊಂಡಾಗಿದ್ದರೆ ಖಂಡಿತ ಎದುರಿಗೆ ಕೂತವರದು. ಮೊನ್ನೆ ಸಾಗರದಲ್ಲಿ ತಮ್ಮನ ಮೊಮ್ಮಗಳ ನಾಮಕರಣಕ್ಕೆ ಹೋದಾಗಲೂ ಇದೇ ನಡೆಯಿತು. ಈಗ ಈ ಪಂಚಾಯ್ತಿಗೆ ಮೊಬೈಲೂ ಸೇರಿದೆ. ದೂರದೂರಿನ ಅತ್ತೆಯೊಬ್ಬಳು ವಿಡಿಯೋ ಕಾಲ್ ಮಾಡಿ ಮಗುವಿನ ಕಿವಿ ತೋರಿಸಿ ಅಂದಳು; ತೋರಿಸಿದರು; ನಮ್ಮದೇ ಬಿಡಿ ಎಂದು ತೀರ್ಪು ಕೊಟ್ಟು ಊಟಕ್ಕೆ ಎದ್ದು ಹೋದಳು. ನಾನು ಬದುಕಿಡೀ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಯಾವ ಗುಣ ಯಾರಿಂದ ಬರುತ್ತದೆ ಎಂದು ಕಪ್ಪುಹಲಗೆಯ ಮೇಲೆ ಚೌಕ ಬರೆದು ಬರೆದು ಸೀಮೆಸುಣ್ಣ ಸವೆಸಿದವಳು. ಆದರೂ ಅಲ್ಲಿ ಬಾಯಿ ಹಾಕಲಿಲ್ಲ. ಆ ಗದ್ದಲ ಕೇಳುತ್ತ ಕೂರುವುದೆಂದರೆ ನನಗೆ ಈಗ ಎಲ್ಲಿಲ್ಲದ ಖುಷಿ. ಒಂದು ಕಾಲಕ್ಕೆ ಅದೇ ಗದ್ದಲ ನನ್ನ ನಿದ್ದೆ ಕೆಡಿಸಿತ್ತು ಅಂದರೆ ಯಾರೂ ನಂಬುವುದಿಲ್ಲ.

ನನ್ನ ಪಾಲಿನ ಕತೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ ನಾನೇ ತೊಟ್ಟಿಲಿಂದ ಎದ್ದು ಕೂತು ಕೇಳಿಸಿಕೊಂಡ ಹಾಗಾಗಿದೆ. ನಮ್ಮ ಅಕ್ಕಿ ಮಿಲ್ಲಿನ ಸುಗ್ಗಿ ಮುಗಿಯಲಿ ಅಂತ ನನ್ನ ನಾಮಕರಣವನ್ನು ತಡಮಾಡಿದ್ದರಂತೆ. ಅಗಲ ಹಣೆಯನ್ನು ತೀರ್ಥಹಳ್ಳಿಯವರು, ಅಂದರೆ ಅಪ್ಪಯ್ಯನ ಕಡೆಯವರು, ಬುದ್ಧಿವಂತರ ಲಕ್ಷಣ ಎಂದು ಎತ್ತಿಕೊಂಡರು. ಗುಂಗುರು ಕೂದಲನ್ನು ಸಾಗರದವರು, ಅಂದರೆ ಅಮ್ಮನ ಕಡೆಯವರು, ಬಿಟ್ಟುಕೊಡಲಿಲ್ಲ. ಸೊಟ್ಟಗಿದ್ದ ಕಿರುಬೆರಳು ಆಚೆ ಈಚೆ ಓಡಾಡಿ, ಕೊನೆಗೆ ಆ ದಿನ ಬಾರದೇ ಇದ್ದ ಯಾರೋ ಮಾವನ ತಲೆಗೆ ಬಿತ್ತು. ಅಷ್ಟರಲ್ಲಿ ನಾನು ಕಣ್ಣು ಬಿಟ್ಟೆ. ಹುಟ್ಟಿದಾಗ ಮಬ್ಬಾಗಿದ್ದ ಬಣ್ಣ ಈಗ ತಿಳಿಯಾಗಿತ್ತು: ಕಪ್ಪಲ್ಲ, ಕಂದಲ್ಲ, ಬೆಕ್ಕಿನ ಕಣ್ಣು. ನಮ್ಮಲ್ಲಿ ಇಂಥದ್ದು ಇಲ್ಲಪ್ಪ ಅಂದರು ಸಾಗರದವರು. ನಮ್ಮಲ್ಲೂ ಯಾರೂ ಕಂಡಿಲ್ಲ ಅಂದರು ಇವರು. ಎಲ್ಲ ವ್ಯಾಜ್ಯಕ್ಕೂ ಕಡೇ ಮಾತು ಹೇಳುತ್ತಿದ್ದ ನಮ್ಮಜ್ಜಿ, ಅಪ್ಪಯ್ಯನ ತಾಯಿ, ಆವತ್ತು ಮಾತ್ರ ಪಾಯಸ ತಳ ಹಿಡೀತದೆ ಎಂದು ಎದ್ದು ಒಳಗೆ ಹೋದಳಂತೆ. ಹಾಗಾಗಿ ನನ್ನ ಮೈಯಲ್ಲಿ ವಾರಸುದಾರರಿಲ್ಲದೆ ಉಳಿದದ್ದು ಕಣ್ಣು ಒಂದೇ.

ನಮ್ಮ ಮನೆ ತೀರ್ಥಹಳ್ಳಿ ಪೇಟೆಯಲ್ಲಿ, ಅಕ್ಕಿ ಮಿಲ್ಲಿನ ಬೆನ್ನಿಗೆ ಅಂಟಿಕೊಂಡೇ ಇತ್ತು. ಅಡುಗೆಮನೆಯ ಗೋಡೆಯಾಚೆಗೇ ಯಂತ್ರ. ಅದು ಶುರುವಾಯಿತೆಂದರೆ ಗೂಡಿನಲ್ಲಿಟ್ಟ ಡಬ್ಬಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ಒಲೆಯ ಮೇಲಿನ ಸಾರು ಕುದಿಯುವ ಮೊದಲೇ ಅಲುಗಾಡುತ್ತಿತ್ತು. ಊಟಕ್ಕೆ ಕೂತು ಉಪ್ಪು ಕೇಳಬೇಕಾದರೂ ಕೂಗಬೇಕು. ಯಂತ್ರ ನಿಲ್ಲಿಸಿದ ಮೇಲೂ ನಮ್ಮ ಕೂಗು ನಿಲ್ಲುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವವರು ಜಗಳ ಅಂತ ನಿಂತು ನೋಡುತ್ತಿದ್ದರು, ಒಳಗೆ ನೋಡಿದರೆ ಕಡುಬಿಗೆ ಚಟ್ನಿ ಸಾಕಾ ಬೇಕಾ ಅನ್ನುವುದಷ್ಟೇ ವಿಷಯ. ಅಮ್ಮ ಹುಟ್ಟಿದ ಮನೆ ಇದಕ್ಕೆ ತದ್ವಿರುದ್ಧ. ಅವಳ ಅಪ್ಪ ಸಾಗರದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಗಡಿಯಾರದ ಸಣ್ಣ ಸದ್ದೂ ಅವರಿಗೆ ಕೇಳಬೇಕು ಅಂತ ಆ ಮನೆಯವರು ಪಿಸುಗುಟ್ಟಿಕೊಂಡೇ ಬದುಕಿದವರು. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ಅನ್ನ ಬೇಕಾ ಎಂದು ಕೇಳಿದ್ದು ಯಾರಿಗೂ ಕೇಳಿಸದೆ ಎಲ್ಲರೂ ಅರೆಹೊಟ್ಟೆಯಲ್ಲಿ ಎದ್ದರಂತೆ. ವರ್ಷ ತುಂಬುವುದರೊಳಗೆ ಅವಳೂ ನಮ್ಮ ಹಾಗೇ ಆದಳು. ದನಿ ರಕ್ತದಲ್ಲಿ ಬಂದದ್ದಲ್ಲ, ಯಂತ್ರ ಕಲಿಸಿದ್ದು ಎನ್ನುವುದಕ್ಕೆ ನಮ್ಮಮ್ಮನಿಗಿಂತ ಬೇರೆ ಸಾಕ್ಷಿ ಬೇಡ. ಆದರೆ ಆಗ ನನಗೆ ಇದೆಲ್ಲ ಎಲ್ಲಿ ಗೊತ್ತು!

ಇನ್ನೊಂದು ನಮ್ಮನೆಯ ಸೀನು. ಒಳಗಿನ ಕತ್ತಲಿಂದ ಬಿಸಿಲಿಗೆ ಕಾಲಿಟ್ಟರೆ ಸಾಕು, ಅಜ್ಜಿ, ಅಪ್ಪಯ್ಯ, ಚಿಕ್ಕಪ್ಪ, ನಾನು ಎಲ್ಲರೂ ಸೀನುತ್ತಿದ್ದೆವು. ತೌಡಿನ ಧೂಳು ಅಂತ ಎಲ್ಲರೂ ಅದನ್ನು ಒಪ್ಪಿಕೊಂಡಿದ್ದರು. ಅದೇ ಧೂಳಿನಲ್ಲಿ ಇಪ್ಪತ್ತನಾಲ್ಕು ಗಂಟೆ ಇರುತ್ತಿದ್ದ ಅಮ್ಮ ಒಂದು ದಿನವೂ ಬಿಸಿಲಿಗೆ ಸೀನಿದವಳಲ್ಲ. ಅದು ಯಾರ ತಲೆಗೂ ಹೋಗಿರಲಿಲ್ಲ. ಹೊರಟಾಗ ಒಂಟಿ ಸೀನು ಬಂದರೆ ಕೆಲಸ ಕೆಡುತ್ತದೆ, ಜೋಡಿ ಸೀನಾದರೆ ಒಳ್ಳೆಯದಾಗುತ್ತದೆ ಎನ್ನುವುದು ಅಜ್ಜಿಯ ಕಟ್ಟುನಿಟ್ಟು. ಬಿಸಿಲು ಕಂಡೊಡನೆ ಸೀನುವ ಮನೆಯವರಿಗೆ ಇದೆಂಥ ಪೀಕಲಾಟ ನೋಡಿ. ಅಪ್ಪಯ್ಯ ಶಿವಮೊಗ್ಗಕ್ಕೆ ಹೊರಟರೆ ಅಂಗಳದಲ್ಲಿ ಒಂದು ಸೀನು. ವಾಪಸು ಬಂದು ಕೂತು ನೀರು ಕುಡಿದು ಮತ್ತೆ ಹೊರಟರೆ ಮತ್ತೊಂದು ಸೀನು. ಕೊನೆಗೆ ಅಜ್ಜಿಯೇ ಉಪಾಯ ಹುಡುಕಿದಳು. ಸೊಂಟದ ನಶ್ಯದ ಡಬ್ಬಿ ತೆಗೆದು ಅಂಗಳದಲ್ಲಿ ಮೊದಲೇ ಕಾದು ನಿಂತಿರುತ್ತಿದ್ದಳು. ಒಂದನೇ ಸೀನು ತಾನಾಗಿ ಬರುತ್ತಿತ್ತು, ಎರಡನೆಯದನ್ನು ಮೂಗಿಗೆ ನಶ್ಯ ಹಿಡಿದು ಬರಿಸುತ್ತಿದ್ದಳು. ಮೂಗು ಕೆಂಪಗೆ ಮಾಡಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಒಳ್ಳೇ ಶಕುನದಲ್ಲಿ ಅಪ್ಪಯ್ಯ ಬಸ್ಸು ಹತ್ತುತ್ತಿದ್ದರು.

ಇಂಥ ಅಜ್ಜಿ ನನ್ನ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ಪ್ರೀತಿ ಇರಲಿಲ್ಲ ಅಂತ ಹೇಳಲಾರೆ. ಹಲಸಿನ ಹಪ್ಪಳದಲ್ಲಿ ದೊಡ್ಡದು ನನಗೇ. ದಿನಾ ಬೆಳಿಗ್ಗೆ ನನ್ನನ್ನು ಮುಂದೆ ಕೂರಿಸಿಕೊಂಡು, ತಾನು ಬೆನ್ನ ಹಿಂದೆ ಕೂತು, ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ಶಾಲೆಯಲ್ಲಿ ನನ್ನಷ್ಟು ನೆಟ್ಟನೆಯ ಬೈತಲೆ ಯಾರದೂ ಇರಲಿಲ್ಲ. ಆದರೆ ನಾನು ತಿರುಗಿ ಮುಖ ಎತ್ತಿದೆನೋ, ಅವಳ ದೃಷ್ಟಿ ಬಾಚಣಿಗೆಗೆ ಹೋಗುತ್ತಿತ್ತು. ಮಜ್ಜಿಗೆ ಕೊಟ್ಟರೆ ಲೋಟ ನೋಡಿಕೊಂಡು ಕೊಡುತ್ತಿದ್ದಳು. ತಮ್ಮನ ಗಲ್ಲ ಹಿಡಿದು ಮುದ್ದು ಮಾಡುವವಳು ನನ್ನ ಗಲ್ಲವನ್ನು ಒಂದು ದಿನವೂ ಹಿಡಿದವಳಲ್ಲ. ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಅಂತ ದೊಡ್ಡವರು ಅಂದುಕೊಂಡಿರುತ್ತಾರೆ. ನನಗೆ ಗೊತ್ತಾಗುತ್ತಿತ್ತು.

ಅದರ ಮೇಲೆ ಚಿಕ್ಕಪ್ಪನ ಚೇಷ್ಟೆ. ಮಿಲ್ಲಿನ ಯಂತ್ರ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ಯಾರನ್ನೂ ಸುಮ್ಮನೆ ಬಿಟ್ಟವನಲ್ಲ. ನಿನ್ನನ್ನು ತೌಡು ಕೊಟ್ಟು ತಂದಿದ್ದು ಅಂತ ಕನ್ನಡನಾಡಿನ ಯಾವ ಮಗುವಿಗೆ ಹೇಳುವುದಿಲ್ಲ? ಬೇರೆ ಮಕ್ಕಳು ಹೋಗೋ ಅಂತ ಓಡಿಹೋಗುತ್ತಾರೆ. ನಮ್ಮನೆಯಲ್ಲಿ ತೌಡು ನಿಜವಾಗಿಯೂ ಇತ್ತು! ಮೂಲೆಯಲ್ಲಿ ಮಾಡಿನ ಎತ್ತರಕ್ಕೆ ಚೀಲಗಳು. ದಿನಾ ಯಾರಾದರೂ ಬಂದು ದನಕ್ಕೆ, ಎಮ್ಮೆಗೆ ಅಂತ ಒಯ್ಯುತ್ತಿದ್ದರು. ತೌಡು ಹೋಗುವುದನ್ನು ಕಣ್ಣಾರೆ ಕಂಡವಳಿಗೆ, ಅದರ ಬದಲು ಮಗು ಬಂದಿರಬಹುದು ಅಂತ ನಂಬುವುದೇನು ಕಷ್ಟ? ಕಣ್ಣು ಯಾರದೂ ಅಲ್ಲ ಅಂತ ಎರಡೂ ಮನೆಯವರು ಹೇಳಿ ಆಗಿದೆ. ಅಜ್ಜಿ ನೋಡುವುದಿಲ್ಲ. ಲೆಕ್ಕ ಸರಿಹೋಯಿತು. ಒಂದು ದಿನ ಧೈರ್ಯ ಮಾಡಿ ಅಮ್ಮನನ್ನೇ ಕೇಳಿದೆ. ಅವಳು ಪತ್ರೊಡೆಗೆ ಕೆಸುವಿನೆಲೆ ಸುತ್ತುತ್ತಿದ್ದಳು. ಕೈ ಬಿಡುವಿರಲಿಲ್ಲ, ಬಾಯಿ ಬಿಡುವಿತ್ತು.

"ಹೌದೇ ಮಾರಾಯ್ತಿ, ಅದೂ ಹುಳ ಬಿದ್ದ ತೌಡು. ಈಗ ಆ ಹಿಟ್ಟಿನ ಪಾತ್ರೆ ಇತ್ಲಾಗೆ ಕೊಡು."

ಕೊಟ್ಟೆ. ಅಡುಗೆಮನೆಯಿಂದ ಹೊರಗೆ ಬಂದು, ಬಿಸಿಲಿಗೆ ಸೀನಿ, ತೀರ್ಮಾನ ಮಾಡಿದೆ: ನನ್ನನ್ನು ಕೊಟ್ಟವರು ಯಾರೋ ಒಬ್ಬರು ತೌಡಿಗೆ ಬಂದೇ ಬರುತ್ತಾರೆ, ಅವರಿಗೆ ಬೆಕ್ಕಿನ ಕಣ್ಣು ಇದ್ದೇ ಇರುತ್ತದೆ. ಶಾಲೆ ಬಿಟ್ಟೊಡನೆ ತಕ್ಕಡಿಯ ಪಕ್ಕದ ಚೀಲದ ಮೇಲೆ ಹತ್ತಿ ಕೂರತೊಡಗಿದೆ. ಬಂದವರ ಮುಖಕ್ಕೆ ಮುಖ ಕೊಟ್ಟು ಕಣ್ಣು ನೋಡುವುದು. ಮಂಡಗದ್ದೆ ಕಡೆಯ ಒಬ್ಬ ಮುದುಕರು, ಎಂಥದೇ ಹುಡುಗಿ, ನನ್ನ ಕಣ್ಣಲ್ಲಿ ಧೂಳು ಬಿದ್ದದಾ ಅಂತ ಕೇಳಿ ರೆಪ್ಪೆ ಅಗಲಿಸಿಯೇ ತೋರಿಸಿದರು. ಅಪ್ಪಯ್ಯ ಗಿರಾಕಿಗಳನ್ನು ಚೆನ್ನಾಗಿ ಮಾತಾಡಿಸುತ್ತಾಳೆ ಅಂತ ಹೆಮ್ಮೆಪಟ್ಟರು. ನಿಜ ಹೇಳಬೇಕೆಂದರೆ ಹುಡುಕುವುದು ನನಗೆ ಬೇಕಿತ್ತು, ಸಿಗುವುದು ಬೇಡವಾಗಿತ್ತು. ಸಿಕ್ಕವರು ನನ್ನನ್ನು ವಾಪಸು ಕೇಳಿದರೆ? ಆ ಗದ್ದಲದ ಮನೆ, ಧೂಳು, ಕಡುಬು, ಜೋಡಿ ಸೀನು ಬಿಟ್ಟು ನಾನು ಎಲ್ಲಿಗೆ ಹೋಗಲಿ?

ಸಿಕ್ಕೇಬಿಟ್ಟರು. ಗಿರಿಜಕ್ಕ ಅಂತ ಹೆಸರು, ಅಮ್ಮನಿಗಿಂತ ಸ್ವಲ್ಪ ದೊಡ್ಡವರು. ನಗರ ಎಂಬ ಊರಿನ ಕಡೆಯವರು, ಈಚೆಗೆ ಹೊಳೆಯಾಚೆ ಕುರುವಳ್ಳಿಗೆ ಬಂದು ಎಮ್ಮೆ ಕಟ್ಟಿ ಹೋಟೆಲುಗಳಿಗೆ ಹಾಲು ಹಾಕುತ್ತಿದ್ದರು. ತೌಡಿನ ಚೀಲ ಕೇಳುತ್ತ ನನ್ನ ಕಡೆ ತಿರುಗಿದರು ನೋಡಿ, ನಾನು ಕೂತಿದ್ದ ಚೀಲದಿಂದ ಜಾರಿ ಕೆಳಗೆ ಬಂದೆ. ಕನ್ನಡಿಯಲ್ಲಿ ದಿನಾ ನೋಡುವ ಕಣ್ಣು ಇನ್ನೊಬ್ಬರ ಮುಖದಲ್ಲಿ! ಅವರೂ ಒಂದು ಗಳಿಗೆ ನನ್ನನ್ನೇ ನೋಡಿದರು. ಚೆಂದ ಇದೀಯೆ ಅಂತ ಹೇಳಿ ಚೀಲ ಹೊತ್ತು ಹೋದರು. ಆ ರಾತ್ರಿ ನಾನು ಪತ್ರೊಡೆಯನ್ನೂ ಮುಟ್ಟಲಿಲ್ಲ. ಜ್ವರ ಇರಬೇಕು ಅಂತ ಅಮ್ಮ ಮೆಣಸಿನ ಕಷಾಯ ಕುಡಿಸಿದಳು.

ಮರುದಿನ ಭಾನುವಾರ. ಯಾರಿಗೂ ಕಾಣದ ಹಾಗೆ ಒಂದು ಕೈಚೀಲದ ತುಂಬ ತೌಡು ತುಂಬಿಕೊಂಡು ಹೊರಟೆ. ನನ್ನ ಯೋಚನೆ ಬಹಳ ಸರಳ. ತೌಡು ಕೊಟ್ಟು ತಂದ ಮೇಲೆ, ಇನ್ನಷ್ಟು ತೌಡು ಕೊಟ್ಟರೆ ಖಾಯಂ ಆಗಿ ಇಟ್ಟುಕೊಳ್ಳಬಹುದು. ಕಮಾನು ಸೇತುವೆಯ ಮೇಲೆ ಒಬ್ಬಳೇ ನಡೆದದ್ದು ಅದೇ ಮೊದಲು. ಕೆಳಗೆ ತುಂಗೆ, ಕೈಯಲ್ಲಿ ತೌಡು, ಕಣ್ಣಲ್ಲಿ ನೀರು. ಕೇಳಿಕೊಂಡು ಹೋದರೆ ಮನೆ ಸಿಕ್ಕಿತು. ಗಿರಿಜಕ್ಕ ಕೊಟ್ಟಿಗೆಯ ಕತ್ತಲಲ್ಲಿ ಎಮ್ಮೆ ಮೈ ತಿಕ್ಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಚೀಲ ಮುಂದೆ ಮಾಡಿದೆ.

"ಇದು ತಗೊಳ್ಳಿ. ನನ್ನ ವಾಪಸ್ ಕರ್ಕೊಂಡು ಹೋಗ್ಬೇಡಿ."

ಅವರಿಗೆ ಏನೂ ಅರ್ಥವಾಗಲಿಲ್ಲ. ಅಳು ಬೆರೆಸಿ ಎಲ್ಲ ಹೇಳಿದೆ: ಕಣ್ಣು, ಚಿಕ್ಕಪ್ಪ, ಹುಳ ಬಿದ್ದ ತೌಡು, ನೋಡದ ಅಜ್ಜಿ. ಕೇಳುತ್ತ ಕೇಳುತ್ತ ಅವರು ಎಮ್ಮೆಗೆ ಒರಗಿ ನಗತೊಡಗಿದರು. ನಕ್ಕು ಸುಸ್ತಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಅಂಗಳಕ್ಕೆ ಬಂದರು. ಬಿಸಿಲು ಮುಖಕ್ಕೆ ಬಿದ್ದದ್ದೇ ತಡ, ಆಕ್ಷೀ! ಅವರದು ಮುಗಿಯುವ ಮೊದಲು ನನ್ನದು. ಅವರ ಮನೆಯಲ್ಲಿ ಮಿಲ್ಲೂ ಇಲ್ಲ, ಧೂಳೂ ಇಲ್ಲ. ಗಿರಿಜಕ್ಕ ನಗು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮನೆಯಲ್ಲಿ ಇನ್ನು ಯಾರು ಹೀಗೆ ಬಿಸಿಲಿಗೆ ಸೀನುತ್ತಾರೆ ಅಂತ ಕೇಳಿದರು; ಅಜ್ಜಿ, ಅಪ್ಪಯ್ಯ, ಚಿಕ್ಕಪ್ಪ ಅಂದೆ.

"ನಿನ್ನಜ್ಜಿ ಹುಟ್ಟಿದ ಊರು ಯಾವ್ದು ಮಗಾ?"

ನನಗೆ ಗೊತ್ತಿರಲಿಲ್ಲ. ಅಜ್ಜಿ ತವರಿನ ಮಾತು ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಬಾ, ಕೇಳೇಬಿಡೋಣ ಅಂತ ಗಿರಿಜಕ್ಕ ಕೈ ತೊಳೆದುಕೊಂಡು ನನ್ನನ್ನು ಕರೆದುಕೊಂಡು ಹೊರಟರು. ಮನೆ ಮುಟ್ಟಿದಾಗ ನಮ್ಮವರು ಊರು ಕೇಳುವ ಹಾಗೆ ನನ್ನ ಹೆಸರು ಕೂಗುತ್ತಿದ್ದರು. ನಮ್ಮನ್ನು ಕಂಡು ಎಲ್ಲರೂ ಒಳಗಿಂದ ಅಂಗಳಕ್ಕೆ ನುಗ್ಗಿದರು. ನುಗ್ಗಿದ್ದೇ ಅಪ್ಪಯ್ಯ ಸೀನಿದರು, ಚಿಕ್ಕಪ್ಪ ಸೀನಿದ, ಹಿಂದಿನಿಂದ ಬಂದ ಅಜ್ಜಿ ಸೀನಿದಳು. ಇತ್ತ ಮಿಲ್ಲಿನ ನೆರಳಿಂದ ಅಂಗಳದ ಬಿಸಿಲಿಗೆ ಕಾಲಿಟ್ಟ ಗಿರಿಜಕ್ಕ, ಜೊತೆಗೆ ನಾನು. ಬೈಯಬೇಕೆಂದು ಬಾಯಿ ತೆರೆದವರಿಗೆಲ್ಲ ಸೀನೇ ಬಂತು. ಅಮ್ಮ ಒಬ್ಬಳೇ ನಡುವೆ ಸುಮ್ಮನೆ ನಿಂತು ಇವರಿಗೆಲ್ಲ ಏನು ಬಂತಪ್ಪ ಅಂತ ನೋಡುತ್ತಿದ್ದಳು. ಸೀನು ನಿಂತ ಮೇಲೆ ಅಜ್ಜಿ ನಮ್ಮಿಬ್ಬರನ್ನು, ಒಂದೇ ಸಾಲಿನಲ್ಲಿದ್ದ ಒಂದೇ ಥರದ ನಾಲ್ಕು ಕಣ್ಣುಗಳನ್ನು, ನೋಡಿದಳು. ಅಲ್ಲೇ ಜಗಲಿಯ ಅಂಚಿಗೆ ಕೂತಳು.

"ನೀನು ಯಾರ ಮನೆಯೋಳು ತಾಯಿ?"

ಗಿರಿಜಕ್ಕ ನಗರದ ಹತ್ತಿರದ ಒಂದು ಹಳ್ಳಿ, ಬಾವಿಕಟ್ಟೆ ಮನೆ ಅಂದರು. ಆ ಮನೆಯ ಯಜಮಾನರಾಗಿದ್ದ ಗಿರಿಜಕ್ಕನ ಅಜ್ಜ ನಮ್ಮಜ್ಜಿಗೆ ಸ್ವಂತ ಸೋದರಮಾವ. ಅಜ್ಜಿ ಇನ್ನೂ ಲಂಗ ಹಾಕುವ ಹುಡುಗಿಯಾಗಿದ್ದಾಗ ಅವಳ ತಾಯಿ ತೀರಿಹೋದಳಂತೆ. ಯಾರೋ ನೆಂಟರು ಈಕಡೆ ಕರೆತಂದು ಬೆಳೆಸಿ ಮದುವೆ ಮಾಡಿದರು. ಅಲ್ಲಿಗೆ ತವರಿನ ಹಾದಿ ಮುಚ್ಚಿತು. ಇದನ್ನೆಲ್ಲ ಅವಳು ಗಂಡನಿಗೂ ಸರಿಯಾಗಿ ಹೇಳಿರಲಿಲ್ಲವೇನೋ. ಜೋರಾಗಿ ಮಾತಾಡುವ ಆ ಮನೆಯಲ್ಲಿ ಆವತ್ತು ಅಜ್ಜಿ ಮೆಲ್ಲಗೆ ಮಾತಾಡಿದಳು, ಎಲ್ಲರಿಗೂ ಕೇಳಿಸಿತು.

"ಇವು ನನ್ ಅಮ್ಮನ ಕಣ್ಣು ಕಣೇ. ತೊಟ್ಲಲ್ಲಿ ನೀನು ಕಣ್ಣು ಬಿಟ್ಟಾಗ ಅವ್ಳೇ ನನ್ನ ನೋಡ್ದಂಗಾಯ್ತು. ಶುಭದ ದಿನ ಅತ್ರೆ ಹೆಂಗೆ ಅಂತ ಎದ್ದು ಹೋದೆ. ಆಮೇಲೂ ಅಷ್ಟೇ. ನಿನ್ನ ಮುಖ ನೋಡಿದ್ರೆ ಅಳು ಬರ್ತದೆ ಅಂತ ನೋಡ್ತಿರ್ಲಿಲ್ಲ ಮಗಾ. ನೀನು ಬೇಡ ಅಂತಲ್ಲ."

ನಾನು ಹೋಗಿ ಅವಳ ಮಡಿಲಿಗೆ ಬಿದ್ದೆ. ಚಿಕ್ಕಪ್ಪ ಮೂಗು ಒರೆಸಿಕೊಳ್ಳುತ್ತ ಇದು ಬಿಸಿಲಿನ ಸೀನು ಅಂತ ಸುಳ್ಳು ಹೇಳಿದ. ಅಮ್ಮ ಹುಳ ಬಿದ್ದ ತೌಡಿನ ಮಾತು ನೆನೆದು ನಾಲಿಗೆ ಕಚ್ಚಿಕೊಂಡು ಒಳಗೆ ಓಡಿ ಪಾಯಸಕ್ಕೆ ಇಟ್ಟಳು. ನಾನು ಹೊತ್ತುಕೊಂಡು ಹೋಗಿದ್ದ ಕೈಚೀಲದ ತೌಡನ್ನು ಗಿರಿಜಕ್ಕ ವಾಪಸು ಕೊಡಲಿಲ್ಲ. ಎಮ್ಮೆಗೆ ಬೇಕು, ನನ್ನ ಹುಡುಗಿಯನ್ನು ನಿಮಗೆ ಬಿಟ್ಟುಕೊಟ್ಟಿದ್ದಕ್ಕೆ ಇದಾದರೂ ಇರಲಿ ಅಂದರು. ಅಜ್ಜಿಗೆ ಮುಪ್ಪಿನಲ್ಲಿ ಒಂದು ತವರು ಸಿಕ್ಕಿತು, ಅದೂ ಸೇತುವೆ ದಾಟಿದರೆ ಮುಟ್ಟುವಷ್ಟು ಹತ್ತಿರ.

ಸುದ್ದಿ ಸಾಗರಕ್ಕೆ ಹೋಯಿತು. ಅಷ್ಟು ವರ್ಷ ನಮ್ಮಲ್ಲಿ ಇಲ್ಲಪ್ಪ ಅನ್ನುತ್ತಿದ್ದವರಿಗೆ ಈಗ ಹೊಟ್ಟೆ ಉರಿಯಿತು. ಗಡಿಯಾರದ ಅಜ್ಜ ಬಸ್ಸು ಹತ್ತಿ ಬಂದೇಬಿಟ್ಟರು. ತಮ್ಮ ದೊಡ್ಡಪ್ಪನೊಬ್ಬನಿಗೆ ಥೇಟ್ ಇಂಥದೇ ಕಣ್ಣಿತ್ತು, ಬಾಲ್ಯದಲ್ಲಿ ಕಂಡದ್ದು ಈಗ ನೆನಪಾಯಿತು, ಆದ್ದರಿಂದ ಕಣ್ಣು ಸಾಗರದ್ದು ಎಂದು ಪಿಸುದನಿಯಲ್ಲಿ ವಾದಿಸಿದರು. ಅಜ್ಜಿ ಮಿಲ್ಲಿನ ದನಿಯಲ್ಲಿ ಉತ್ತರ ಕೊಟ್ಟಳು. ಯಾರಿಗೂ ಬೇಡವಾಗಿದ್ದ ಕಣ್ಣಿಗೆ ಈಗ ಎರಡು ಕಡೆಯ ಹಕ್ಕುದಾರರು. ನಡುವೆ ನಾನು ರಾಜಕುಮಾರಿಯ ಹಾಗೆ ಕೂತು ಚಕ್ಕುಲಿ ತಿನ್ನುತ್ತಿದ್ದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಪಾಠ ಹೇಳುವ ಚಟ, ಹೇಳಿಯೇಬಿಡುತ್ತೇನೆ. ಒಂದೊಂದು ಗುಣಕ್ಕೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಸೂಚನೆ ಮಗುವಿಗೆ ಬರುತ್ತದೆ. ಕೆಲವು ನಮ್ಮ ಮಿಲ್ಲಿನ ಮನೆಯವರ ಹಾಗೆ, ಒಂದೇ ಇದ್ದರೂ ಸಾಕು, ಎಲ್ಲರಿಗೂ ಕೇಳಿಸುತ್ತದೆ. ನಮ್ಮ ಸೀನು ಅಂಥದ್ದು, ತಲೆಮಾರು ಬಿಡದೆ ಇಳಿದು ಬಂತು. ಕೆಲವು ಸಾಗರದವರ ಹಾಗೆ. ಜೋರು ದನಿಯ ಪಕ್ಕ ಕೂತರೆ ಕೇಳಿಸುವುದಿಲ್ಲ. ಹಾಗಂತ ಅಲ್ಲಿ ಇಲ್ಲವೆಂದಲ್ಲ. ಅಜ್ಜಿಯ ಕಪ್ಪು ಕಣ್ಣಿನಲ್ಲಿ, ಅಪ್ಪಯ್ಯನ ಕಪ್ಪು ಕಣ್ಣಿನಲ್ಲಿ ಅದು ಸುಮ್ಮನೆ ಕೂತಿತ್ತು. ಅಮ್ಮನಲ್ಲೂ ಇನ್ನೊಂದು ಸುಮ್ಮನೆ ಕೂತಿತ್ತು. ಮೆಲುದನಿಯ ಇಬ್ಬರು ನನ್ನಲ್ಲಿ ಜೊತೆಯಾದಾಗ ಎದುರಿಗೆ ಜೋರಿನವರು ಯಾರೂ ಇರಲಿಲ್ಲ, ಮಾತು ಕೇಳಿಸಿತು. ಕಣ್ಣಿನ ಬಣ್ಣದ ವಿಷಯ ನಿಜಕ್ಕೂ ಇಷ್ಟು ಸಲೀಸಲ್ಲ, ಅದರಲ್ಲಿ ಇನ್ನೂ ಹಲವು ಸೂಚನೆಗಳ ಕೈವಾಡವಿದೆ ಅಂತ ನನ್ನ ವಿದ್ಯಾರ್ಥಿಗಳಿಗೆ ಆಮೇಲೆ ಹೇಳುತ್ತಿದ್ದೆ. ಮೊದಲು ಮಾತ್ರ ಈ ಎರಡು ಮನೆಗಳ ಕತೆ ಹೇಳುತ್ತಿದ್ದೆ, ಒಬ್ಬರೂ ತೂಕಡಿಸುತ್ತಿರಲಿಲ್ಲ.

ಗಿರಿಜಕ್ಕ ಬಂದುಹೋದ ಮರುದಿನ ಬೆಳಿಗ್ಗೆ ಶಾಲೆಗೆ ಹೊತ್ತಾಗಿತ್ತು. ನಾನು ಎಂದಿನಂತೆ ಬಾಚಣಿಗೆ ಕೊಟ್ಟು ಅಜ್ಜಿಗೆ ಬೆನ್ನು ಮಾಡಿ ಕೂತೆ. ಅವಳು ನನ್ನ ಭುಜ ಹಿಡಿದು ತಿರುಗಿಸಿದಳು.

"ಹಂಗಲ್ಲ. ಈ ಕಡೆ ಮುಖ ಮಾಡಿ ಕೂರು."

ಎದುರಿಗೆ ಕೂತವರ ತಲೆ ಬಾಚುವುದು ಎಷ್ಟು ಕಷ್ಟ ಅಂತ ಬೇಕಾದರೆ ಮಾಡಿ ನೋಡಿ. ಕೈ ಸುತ್ತಿ ಬರಬೇಕು, ಹಿಂದಿನ ಜಡೆ ಕಾಣುವುದಿಲ್ಲ. ಅವಳಾದರೂ ಕೂದಲು ಎಲ್ಲಿ ನೋಡುತ್ತಿದ್ದಳು? ಬಾಚಣಿಗೆ ತನ್ನ ಪಾಡಿಗೆ ಹೋಗುತ್ತಿತ್ತು, ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಒಮ್ಮೊಮ್ಮೆ ಕಣ್ಣು ತುಂಬಿಕೊಂಡು ನಗುತ್ತಿದ್ದಳು, ಒಮ್ಮೊಮ್ಮೆ ಗಲ್ಲ ಹಿಡಿದುಕೊಂಡು ಬಾಚುವುದನ್ನೇ ಮರೆಯುತ್ತಿದ್ದಳು. ಅವಳಿರುವ ತನಕ ದಿನಾ ಹೀಗೆಯೇ. ಶಾಲೆಯಲ್ಲಿ ಹುಡುಗಿಯರು ನನ್ನ ಸೊಟ್ಟ ಬೈತಲೆ ನೋಡಿ ನಗುತ್ತಿದ್ದರು. ಬಾ, ಸರಿಮಾಡ್ತೀನಿ ಅಂತ ಅಮ್ಮ ಎಷ್ಟು ಸಲ ಕರೆದರೂ ನಾನು ತಲೆ ಮುಟ್ಟಲು ಬಿಡಲಿಲ್ಲ.